ಚೀನಾ ಜಪಾನುಗಳ ಔದ್ಯೋಗಿಕ ಪರಿವರ್ತನೆ

1872ನೆಯ ಇಸವಿಯ ಅಕ್ಟೋಬರಿನಲ್ಲಿ ಟೋಕಿಯೋ ನಗರದಿಂದ ಯೋಕೋಹಾಮಾ ರೇವಿಗೆ ಜಪಾನಿನ ಮೊದಲನೆಯ ರೈಲುದಾರಿಯು ತೆರೆಯಿತು. ಚಕ್ರವರ್ತಿ ಮೇಜಿಯೇ ಅದರಲ್ಲಿ ಕುಳಿತು ಪ್ರಯಾಣ ಮಾಡಿದನು. ನಾಲ್ಕು ವರ್ಷಗಳ ತರುವಾಯ ಆಂಗ್ಲ ವರ್ತಕರು ಚೀನಾದ ಶಾಂಘಾಯಿಯಿಂದ ವೂಸುಂಗಿಗೆ ಅಂತಹುದೇ ದಾರಿಯನ್ನು ಹಾಕಿದರು. ಚೀನಾ ಸರಕಾರವು ಹಣ ತೆತ್ತು ಅದನ್ನು ಕೊಂಡು, 1877ರಲ್ಲಿ ಹಳಿಗಳನ್ನು ಕೀಳಿಸಿಬಿಟ್ಟಿತು.

ಇದನ್ನು ಓದಿದವರು ಜಪಾನೀಯರು ಜಾಣರು, ಚೀನೀಯರು ಮೂಢರು ಎಂದು ತೀರ್ಮಾನಿಸುವುದು ಸುಲಭ. ಆದರೆ ಅದು ದುಡುಕಿನ ತೀರ್ಮಾನ. ಶಾಂಘಾಯಿಯ ದಾರಿಯು, ಬರಿಯ ರಸ್ತೆಯೆಂಬ ನೆಪದಿಂದ, ಅಪ್ಪಣೆಯಿಲ್ಲದೆ ಪರದೇಶೀಯರು ಹಾಕಿದುದು. ಜಪಾನಿನದಾದರೋ ಸರಕಾರವೇ ಲಂಡನ್ನಿನಲ್ಲಿ ಸಾಲವೆತ್ತಿ ಕಟ್ಟಿಸಿದುದು. ಭೇದವಿದ್ದುದು ಯಂತ್ರದಲ್ಲಲ್ಲ, ಅದರ ಹಿಂದೆ ನಿಂತ ರಾಜ್ಯವ್ಯವಸ್ಥೆಯಲ್ಲಿ.

ಚೀನಾವು ಯಂತ್ರಗಳಿಗೆ ವಿಮುಖವಾಗಿದ್ದಿಲ್ಲ. 1865ರಲ್ಲಿ ಶಾಂಘಾಯಿಯಲ್ಲಿ ಆಯುಧಶಾಲೆಯೂ, ಮರುವರ್ಷ ಫೂಚೌವಿನಲ್ಲಿ ನೌಕಾಶಾಲೆಯೂ, 1872ರಲ್ಲಿ ಲಿ ಹುಂಗ್‌ಚಾಂಗನ ಆಶ್ರಯದಲ್ಲಿ ಹಡಗಿನ ಕಂಪನಿಯೂ ಹುಟ್ಟಿದುವು. ಆದರೆ ಇವೆಲ್ಲವೂ ಆಯಾ ಪ್ರಾಂತಾಧಿಪತಿಯ ಉತ್ಸಾಹವನ್ನೇ ನಂಬಿದ್ದುವು. ಕಂಪನಿಗಳಲ್ಲಿ ಬಂಡವಾಳ ವರ್ತಕರದು, ಅಧಿಕಾರ ರಾಜಪುರುಷರದು. 1851ರಿಂದ 1864ರವರೆಗಿನ ತೈಪಿಂಗ್ ದಂಗೆಯಿಂದ ಬಳಲಿದ್ದ ಪೀಕಿಂಗಿನ ಬೊಕ್ಕಸಕ್ಕೆ ಇವನ್ನೆಲ್ಲ ಒಂದು ಸೂತ್ರಕ್ಕೆ ತರುವ ಶಕ್ತಿಯಿರಲಿಲ್ಲ.

ಜಪಾನು ಯಂತ್ರಗಳನ್ನು ತರಿಸುವುದರ ಜೊತೆಜೊತೆಗೇ ಬೊಕ್ಕಸವನ್ನೂ ಭದ್ರಪಡಿಸಿಕೊಂಡಿತು. 1871ರಲ್ಲಿ ದೈಮ್ಯೋಗಳೆಂಬ ಮಾಂಡಲಿಕರ ಸಂಸ್ಥಾನಗಳು ರದ್ದಾದುವು. 1873ರಲ್ಲಿ ಭತ್ತದ ರೂಪದ ಕಂದಾಯವು ಹೋಗಿ, ಭೂಮಿಯ ಬೆಲೆಯ ನೂರಕ್ಕೆ 3ರಂತೆ ನಗದು ಕಂದಾಯವು ಗೊತ್ತಾಯಿತು. ಈ ನಿಶ್ಚಿತ ಆದಾಯದ ಬಲದಿಂದಲೇ ಸರಕಾರವು ಕಾರಖಾನೆಗಳನ್ನು ನಡೆಸಿ, ನಷ್ಟ ಕಂಡಾಗ 1880ರ ದಶಕದಿಂದ ಅವುಗಳಲ್ಲಿ ಅನೇಕವನ್ನು ಖಾಸಗಿಯವರಿಗೆ ಮಾರಿತು.

ಈ ಅಭ್ಯುದಯದ ಬೆಲೆಯನ್ನು ತೆತ್ತವರಾರು? ಮೊದಲನೆಯವನು ರೈತ. 1876ರಲ್ಲಿ ಅವನು ದಂಗೆಯೆದ್ದ ಮೇಲೆ ಕಂದಾಯವು ನೂರಕ್ಕೆ ಎರಡೂವರೆಗೆ ಇಳಿಯಿತು. ರೇಷ್ಮೆಯ ಕಾರಖಾನೆಗಳಲ್ಲಿ ದಿನಕ್ಕೆ 12 ಗಂಟೆಗೂ ಮೀರಿ ದುಡಿದ ಹಳ್ಳಿಯ ಹೆಣ್ಣುಮಕ್ಕಳೂ ತೆತ್ತರು. ಕೊನೆಗೆ ಚೀನಾವೂ ತೆತ್ತಿತು. 1895ರಲ್ಲಿ ಯುದ್ಧದಲ್ಲಿ ಸೋತ ಆ ದೇಶವು 20 ಕೋಟಿ ತಾಯೆಲ್ ಬೆಳ್ಳಿಯ ದಂಡವನ್ನು ಯುರೋಪಿನಲ್ಲಿ ಸಾಲ ಮಾಡಿ ಕೊಡಬೇಕಾಯಿತು. ಆ ಹಣದಿಂದ ಜಪಾನು 1897ರಲ್ಲಿ ಚಿನ್ನದ ನಾಣ್ಯಪದ್ಧತಿಯನ್ನು ಕೈಕೊಂಡಿತು. 1901ರಲ್ಲಿ ಕೆಲಸವಾರಂಭಿಸಿದ ಯವಾಟಾದ ಸರಕಾರೀ ಉಕ್ಕಿನ ಕಾರಖಾನೆಗೂ ಅದರ ನೆರವು ದೊರೆಯಿತು. ಅಲ್ಲಿ ಕರಗಿದ ಅದಿರು ಕೂಡ ಚೀನಾದ ತಾಯೆ ಗಣಿಯಿಂದ ಬಂದುದು.

ಹೀಗಿರುವಲ್ಲಿ ಈ ಎರಡು ದೇಶಗಳನ್ನು ಒಂದೇ ಪರೀಕ್ಷೆಗೆ ಕುಳಿತ ಇಬ್ಬರು ವಿದ್ಯಾರ್ಥಿಗಳಂತೆ ತೂಗುವುದು ನ್ಯಾಯವಲ್ಲ. ಒಬ್ಬನ ಏಳಿಗೆಯಲ್ಲಿ ಇನ್ನೊಬ್ಬನ ನಷ್ಟವೂ ಸೇರಿತ್ತು.

ಜನಾಂಗದ ಹುಟ್ಟುಗುಣವೇ ಕಾರಣವೆಂಬ ಮಾತೂ ನಿಲ್ಲಲಾರದು. 1978ರಲ್ಲಿ ಚೀನಾದ ನಾಯಕ ದೆಂಗ್ ಶಿಯಾವೊಪಿಂಗ್ ಜಪಾನಿನ ಅತಿವೇಗದ ರೈಲಿನಲ್ಲಿ ಪ್ರಯಾಣಮಾಡಿದನು. ಅದೇ ವರ್ಷದ ಕೊನೆಯಲ್ಲಿ ಅವನ ದೇಶದ ಆರ್ಥಿಕ ನೀತಿಯು ಹೊಸ ಹಾದಿ ಹಿಡಿಯಿತು. 2010ರಲ್ಲಿ ಒಟ್ಟು ಉತ್ಪನ್ನದ ಮೊತ್ತದಲ್ಲಿ ಚೀನಾವು ಜಪಾನನ್ನು ದಾಟಿತು. ಒಂದು ಕಾಲದಲ್ಲಿ ಹಳಿಗಳನ್ನು ಕೀಳಿಸಿದ ಆ ದೇಶದಲ್ಲಿಯೇ ಇಂದು ಜಗತ್ತಿನ ಅತಿ ಉದ್ದದ ವೇಗದ ರೈಲುಜಾಲವಿದೆ.