ಮಲ್ಪೆಯ ಕಡಲು ಮತ್ತು ವಡಭಾಂಡೇಶ್ವರ

ಉಡುಪಿಯ ಪಡುವಣಕ್ಕೆ ಸುಮಾರು 6 ಕಿಲೋಮೀಟರ್ ದೂರದಲ್ಲಿ, ಹೊಳೆಯು ಕಡಲನ್ನು ಸೇರುವ ಅಳಿವೆಯ ಬಳಿ ಇರುವ ಊರು ಮಲ್ಪೆ. ಈಗ ಇದು ಉಡುಪಿ ನಗರಸಭೆಯ ವ್ಯಾಪ್ತಿಗೆ ಸೇರಿದೆ. ರಜಾದಿನಗಳಲ್ಲಿ ಇಲ್ಲಿನ ಬೀಚಿಗೆ ಜನಸಾಗರವೇ ಹರಿದು ಬರುತ್ತದೆ. ಇಲ್ಲಿನ ಬಂದರು ಕರ್ನಾಟಕದ ದೊಡ್ಡ ಮೀನುಗಾರಿಕಾ ಬಂದರುಗಳಲ್ಲೊಂದು. ಆದರೆ ಆಸ್ತಿಕರ ಪಾಲಿಗೆ ಮಲ್ಪೆಯೆಂದರೆ ಮೊದಲಾಗಿ ಶ್ರೀಕೃಷ್ಣನು ದಡ ಸೇರಿದ ಪುಣ್ಯಸ್ಥಳ.

13ನೇ ಶತಮಾನದಲ್ಲಿ ಶ್ರೀ ಮಧ್ವಾಚಾರ್ಯರು ಈ ಕಡಲ ತೀರದಲ್ಲಿದ್ದಾಗ ದ್ವಾರಕೆಯ ಕಡೆಯಿಂದ ಬಂದ ವ್ಯಾಪಾರದ ಹಡಗೊಂದು ಬಿರುಗಾಳಿಗೆ ಸಿಲುಕಿತಂತೆ. ಆಚಾರ್ಯರು ತಮ್ಮ ಉತ್ತರೀಯವನ್ನು ಬೀಸಿ ಹಡಗನ್ನು ದಡ ಮುಟ್ಟಿಸಿದರು. ಸಂತುಷ್ಟನಾದ ನಾವಿಕನು ಬೇಕಾದುದನ್ನು ಕೇಳಿಕೊಳ್ಳಬೇಕೆಂದು ಬಿನ್ನವಿಸಿದಾಗ ಅವರು ಹಡಗಿನ ಭಾರಕ್ಕಾಗಿ ಇಟ್ಟಿದ್ದ ಗೋಪೀಚಂದನದ ಗಡ್ಡೆಗಳನ್ನು ಮಾತ್ರ ಬೇಡಿದರು. ಅವುಗಳೊಳಗೆ ಬಲರಾಮ ಮತ್ತು ಕೃಷ್ಣರ ಮೂರ್ತಿಗಳಿದ್ದುವೆಂದು ಐತಿಹ್ಯ. ಬಲರಾಮನು ಕಡಲ ಬದಿಯಲ್ಲೇ ವಡಭಾಂಡೇಶ್ವರನಾಗಿ ನೆಲೆಸಿದನು. ಕೃಷ್ಣನನ್ನು ಆಚಾರ್ಯರು ಉಡುಪಿಗೆ ಕೊಂಡೊಯ್ದು ಪ್ರತಿಷ್ಠಾಪಿಸಿದರು.

ಕಾಸರಗೋಡಿನವರಿಗೆ ಈ ಕತೆ ಪರವೂರಿನದಲ್ಲ. ಕುಂಬಳೆಯ ಅರಸ ಜಯಸಿಂಹನ ಕಾಲದಲ್ಲಿ ಕೂಡ್ಲು ಸಮೀಪದ ವಿಷ್ಣುಮಂಗಲದಲ್ಲಿ ಮಧ್ವಾಚಾರ್ಯರೊಡನೆ ವಾದ ನಡೆಸಿ ಅವರ ಶಿಷ್ಯರಾದವರು ತ್ರಿವಿಕ್ರಮ ಪಂಡಿತಾಚಾರ್ಯರು. ಅವರ ಮಗ ನಾರಾಯಣ ಪಂಡಿತಾಚಾರ್ಯರೇ ಆಚಾರ್ಯರ ಚರಿತ್ರೆಯಾದ 'ಸುಮಧ್ವ ವಿಜಯ'ವನ್ನು ರಚಿಸಿದರು. ಆಡಳಿತದಲ್ಲಿಯೂ 1956ರ ನವೆಂಬರ್ 1ರ ತನಕ ಕಾಸರಗೋಡು ಮತ್ತು ಉಡುಪಿ ಒಂದೇ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕುಗಳಾಗಿದ್ದುವು. ಗಡಿ ಬದಲಾಯಿತು, ಹರಕೆಯ ದಾರಿ ಬದಲಾಗಲಿಲ್ಲ.

ಮಲ್ಪೆಯ ನೆರೆಯ ಉದ್ಯಾವರವು ಆಳುಪ ಅರಸರ ರಾಜಧಾನಿಯಾಗಿತ್ತು. ಬೇಕಲ ಕೋಟೆಯನ್ನು ಕಟ್ಟಿಸಿದ ಕೆಳದಿಯ ಮನೆತನದವರು ಇಲ್ಲಿನ ದರಿಯಾ ಬಹಾದೂರ್ ಗಡ ದ್ವೀಪದಲ್ಲಿಯೂ ಕೋಟೆ ಕಟ್ಟಿದರು. 1498ರಲ್ಲಿ ವಾಸ್ಕೋ ಡ ಗಾಮನು ಇಳಿದನೆನ್ನಲಾದ ಸೈಂಟ್ ಮೇರೀಸ್ ದ್ವೀಪಗಳು ಇಲ್ಲಿಂದಲೇ ಕಾಣುತ್ತವೆ. ಅಲ್ಲಿನ ಕಂಬದಾಕಾರದ ಶಿಲೆಗಳು ಭಾರತದಿಂದ ಮಡಗಾಸ್ಕರ್ ಬೇರ್ಪಟ್ಟ ಕಾಲದವು, ಅಂದರೆ ಸುಮಾರು 8 ಕೋಟಿ 80 ಲಕ್ಷ ವರ್ಷ ಹಳೆಯವು. ಪ್ರವಾಸಿಗರು ದೋಣಿಯೇರಿ ಇವನ್ನು ನೋಡಲು ಹೋಗುತ್ತಾರೆ. ಮಳೆಗಾಲದಲ್ಲಿ ಆ ಸಂಚಾರ ನಿಲ್ಲುತ್ತದೆ.

ಊರಿನ ಜೀವಾಳ ಮಾತ್ರ ಮೀನುಗಾರಿಕೆಯೇ. ಹಿಂದೆ ಮೊಗವೀರರು ರಂಪಣಿ ಬಲೆ ಬೀಸಿ, ಹತ್ತಾರು ಮಂದಿ ಕೂಡಿ ಹಗ್ಗ ಹಿಡಿದು ದಡಕ್ಕೆ ಎಳೆಯುತ್ತಿದ್ದರು. ಬಂಗುಡೆ, ಬೂತಾಯಿ ರಾಶಿ ಬಿದ್ದಾಗ ಎಳೆದವರಿಗೆಲ್ಲ ಪಾಲು ಇತ್ತು. 1970ರ ದಶಕದ ಮಧ್ಯದಲ್ಲಿ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಬಂದ ಮೇಲೆ ಮೀನು ದಡಕ್ಕೆ ಬರುವ ಮೊದಲೇ ಆಳದಲ್ಲಿ ಹಿಡಿಯಲ್ಪಟ್ಟಿತು. ರಂಪಣಿ ಮೂಲೆ ಸೇರಿತು. ವ್ಯಾಪಾರ ಬೆಳೆಯಿತು, ಮಂಜುಗಡ್ಡೆ ಕಾರ್ಖಾನೆಗಳು ಬಂದುವು, ಲಾರಿಗಳು ಸಾಲುಗಟ್ಟಿದುವು. ಆದರೆ ಒಂದು ಹಗ್ಗಕ್ಕೆ ಹತ್ತು ಕೈ ಹಾಕುವ ಹಳೆಯ ಕ್ರಮ ಸಡಿಲವಾಯಿತು.

ಈಗ ಕರ್ನಾಟಕದ ಕರಾವಳಿಯಲ್ಲಿ ಮೀನಿನ ಸಂತಾನ ವೃದ್ಧಿಗಾಗಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮಳೆಗಾಲದ ಈ ಬಿಡುವಿನ ನಂತರ ವಡಭಾಂಡೇಶ್ವರನಿಗೆ ಪೂಜೆ ಸಲ್ಲಿಸಿ, ಸಮುದ್ರರಾಜನಿಗೆ ಹಾಲೆರೆದು, ಅಪಾಯವಿಲ್ಲದೆ ಹಿಂದಿರುಗಿಸೆಂದು ಪ್ರಾರ್ಥಿಸುವುದು ಮೀನುಗಾರರ ಸಂಪ್ರದಾಯ.

ಆ ಪ್ರಾರ್ಥನೆ ಬರಿಯ ಕಟ್ಟಳೆಯಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಎಂಬ ಬೋಟು ಏಳು ಮಂದಿಯೊಂದಿಗೆ ಕಾಣೆಯಾಯಿತು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಕಡೆಯ ಸಮುದ್ರದಾಳದಲ್ಲಿ ಅದರ ಅವಶೇಷವನ್ನು ನೌಕಾಪಡೆ ಪತ್ತೆ ಹಚ್ಚಿತು. ಹೋದವರು ಮನೆಗೆ ಮರಳಲಿಲ್ಲ. ತಿಂಗಳುಗಟ್ಟಲೆ ದಾರಿ ಕಾದ ತಾಯಂದಿರ, ಮಡದಿಯರ ದುಃಖಕ್ಕೆ ಲೆಕ್ಕವಿಲ್ಲ.

ದೇವರನ್ನು ತಂದ ಕಡಲು ಅನ್ನವನ್ನೂ ಕೊಡುತ್ತದೆ, ಕೆಲವೊಮ್ಮೆ ಆಸರೆಯನ್ನೂ ಕಸಿಯುತ್ತದೆ. ನೇಗಿಲು ಹಿಡಿದ ಬಲರಾಮನು ಬಲೆ ಹಿಡಿದವರ ನಡುವೆ ನೆಲೆಸಿರುವುದು ಅವರ ದೊಡ್ಡ ಧೈರ್ಯ. ಉಡುಪಿ ಯಾತ್ರೆಗೆ ಹೋಗುವ ಭಕ್ತರು ಕೃಷ್ಣದರ್ಶನ ಮುಗಿಸಿ ಹಾಗೆಯೇ ಹಿಂದಿರುಗದೆ ಮಲ್ಪೆಗೂ ಹೋಗಿ ಅಣ್ಣನ ದರ್ಶನ ಪಡೆಯಬೇಕು. ಕಡಲಿಗೆ ಕೈ ಮುಗಿಯುವಾಗ ಆ ಕಡಲ ಮೇಲಿರುವ ದುಡಿಯುವ ಮಕ್ಕಳ ಕ್ಷೇಮಕ್ಕೂ ಒಂದು ಪ್ರಾರ್ಥನೆ ಸಲ್ಲಲಿ.

ಶ್ರೀಕೃಷ್ಣಾರ್ಪಣಮಸ್ತು.