ತೈಲವರ್ಣ ಮತ್ತು ಚಿನ್ನದ ರೇಕು: ಬೆಳಕಿನ ಎರಡು ಬಗೆ

ಪಾಶ್ಚಾತ್ಯ ಚಿತ್ರಕಲೆಯ ಚರಿತ್ರೆಯನ್ನು ಬರೆದವರಲ್ಲಿ ಹಲವರು, ತೈಲವರ್ಣವು ಬಳಕೆಗೆ ಬಂದಂತೆ ಚಿನ್ನದ ರೇಕು ಹಿಂದೆ ಸರಿಯಿತು ಎಂದು ಹೇಳುತ್ತಾರೆ. ಸ್ಥೂಲವಾಗಿ ಈ ಮಾತು ಸರಿ. ಆದರೆ ಅದು ಏಕೆ ಹಿಂದೆ ಸರಿಯಿತು, ಸರಿದ ಮೇಲೂ ಆಗಾಗ ಏಕೆ ಮರಳಿ ಬಂದಿತು ಎಂಬುದನ್ನು ವಿವೇಚಿಸದೆ ಹೋದರೆ, ಬಣ್ಣವೇ ಕಲೆ, ಚಿನ್ನ ಕೇವಲ ಅಲಂಕಾರ ಎಂಬ ಅವಸರದ ತೀರ್ಮಾನ ಉಳಿದುಬಿಡುತ್ತದೆ. ಈ ತೀರ್ಮಾನದ ಪರಿಣಾಮ ಯುರೋಪಿಗಷ್ಟೇ ಸೀಮಿತವಾದುದಲ್ಲ. ಮೈಸೂರು ಸಾಂಪ್ರದಾಯಿಕ ಚಿತ್ರಗಳನ್ನು ಕುಶಲಕಲೆಯ ಸಾಲಿಗೆ ಸೇರಿಸಿ ಬದಿಗಿರಿಸುವ ವಾದದಲ್ಲಿಯೂ ಅದರ ದನಿಯನ್ನು ಗುರುತಿಸಬಹುದು.

ಎರಡು ಮಾಧ್ಯಮಗಳೂ ಬೆಳಕನ್ನು ನಡೆಸಿಕೊಳ್ಳುವ ರೀತಿಯಲ್ಲೇ ಭೇದವಿದೆ. ಅಗಸೆ ಎಣ್ಣೆಯಲ್ಲಿ ಕಲಸಿದ ಬಣ್ಣವನ್ನು ತೆಳುವಾದ ಪದರಗಳಾಗಿ ಹಚ್ಚಿದಾಗ ಬೆಳಕು ಅವುಗಳ ಮೂಲಕ ಒಳಹೊಕ್ಕು, ತಳದ ಬಿಳಿಯ ಲೇಪವನ್ನು ಮುಟ್ಟಿ, ಬಣ್ಣದಿಂದ ಸೋಸಿಕೊಂಡು ಹೊರಬರುತ್ತದೆ. ಚಿತ್ರದ ಒಳಗಿನಿಂದಲೇ ಹೊಳಪು ಹೊಮ್ಮಿದಂತೆ ತೋರುವುದು ಇದರಿಂದ. ಚಿನ್ನದ ರೇಕಿನಲ್ಲಿ ಬೆಳಕು ಹಾಗೆ ಒಳಹೋಗುವುದಿಲ್ಲ. ಕನ್ನಡಿಯಂತೆ ಅದನ್ನು ಮೇಲ್ಮೈಯಿಂದಲೇ ತಿರುಗಿಸಿ ಕಳುಹಿಸುತ್ತದೆ. ನೋಡುವವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ, ದೀಪದ ಕುಡಿ ಅಲುಗಿದರೆ, ಚಿನ್ನದ ಮುಖವೂ ಬದಲಾಗುತ್ತದೆ. ತೈಲವರ್ಣದಲ್ಲಿ ಬೆಳಕು ಎಲ್ಲಿಂದ ಬೀಳಬೇಕೆಂಬುದನ್ನು ಚಿತ್ರಕಾರ ನಿರ್ಧರಿಸುತ್ತಾನೆ. ಚಿನ್ನದಲ್ಲಿ ಅದನ್ನು ನಿರ್ಧರಿಸುವುದು ಚಿತ್ರವಿರುವ ಸ್ಥಳ.

ಈ ಗುಣವನ್ನು ಹಿಂದಿನ ಕುಶಲಿಗಳು ಚೆನ್ನಾಗಿ ಅರಿತಿದ್ದರು. ಸುಮಾರು 1400ರ ವೇಳೆಗೆ ಚಿತ್ರಕಾರರಿಗಾಗಿ ಕೈಪಿಡಿಯೊಂದನ್ನು ಬರೆದ ಇಟಲಿಯ ಚೆನ್ನಿನೊ ಚೆನ್ನಿನಿ, ಮರದ ಹಲಗೆಗೆ ರೇಕು ಹಚ್ಚುವ ವಿಧಾನವನ್ನು ಹಂತ ಹಂತವಾಗಿ ವಿವರಿಸಿದ್ದಾನೆ. ಜಿಪ್ಸಮ್ ಪುಡಿ ಮತ್ತು ಪ್ರಾಣಿಜನ್ಯ ಅಂಟನ್ನು ಕಲಸಿದ ಜೆಸ್ಸೊ ಲೇಪವನ್ನು ಪದರ ಪದರವಾಗಿ ಹಚ್ಚಿ ನುಣುಪುಗೊಳಿಸಬೇಕು. ಅದರ ಮೇಲೆ ಮೊಟ್ಟೆಯ ಬಿಳಿಯ ಲೋಳೆಯಲ್ಲಿ ಕದಡಿದ ನವಿರಾದ ಕೆಮ್ಮಣ್ಣು. ಅದನ್ನು ತೇವಗೊಳಿಸಿ ರೇಕನ್ನು ಇಳಿಸಿ, ತಕ್ಕ ಹದಕ್ಕೆ ಒಣಗಿದ ಮೇಲೆ ನುಣುಪಾದ ಕಲ್ಲಿನಿಂದಲೋ ಪ್ರಾಣಿಯ ಹಲ್ಲಿನಿಂದಲೋ ಉಜ್ಜಬೇಕು. ಚಿನ್ನಬಡಿಯುವವರು ಒಂದು ಡುಕಾಟ್ ನಾಣ್ಯದಿಂದ 145 ರೇಕುಗಳನ್ನು ತೆಗೆಯುತ್ತಿದ್ದರೂ, ಸಮತಟ್ಟಾದ ಜಾಗಗಳಿಗೆ ನೂರಕ್ಕಿಂತ ಹೆಚ್ಚು ತೆಗೆಯದ ದಪ್ಪನೆಯ ರೇಕೇ ಬೇಕೆಂಬುದು ಅವನ ಸಲಹೆ. ಚೆನ್ನಾಗಿ ಉಜ್ಜಿದ ಚಿನ್ನ ತನ್ನ ಹೊಳಪಿನಿಂದಲೇ ಕಪ್ಪಾಗಿ ಕಾಣುತ್ತದೆಂಬುದನ್ನೂ ಅವನು ಗಮನಿಸಿದ್ದನು. ಕನ್ನಡಿಯಂತಹ ಮೈಯಲ್ಲಿ ಕತ್ತಲೆಯ ಮೂಲೆಯೊಂದು ಪ್ರತಿಫಲಿಸಿದಾಗ ಆಗುವುದು ಇದೇ.

ಚೆನ್ನಿನಿಗೆ ಹೊಳಪಿನ ಲಕ್ಷಣವಾಗಿ ಕಂಡದ್ದು ಒಂದು ತಲೆಮಾರಿನ ನಂತರ ದೋಷವಾಗಿ ಕಂಡಿತು. 1435ರಲ್ಲಿ ಲಿಯೋನ್ ಬತಿಸ್ತಾ ಆಲ್ಬೆರ್ಟಿ ಚಿತ್ರಕಲೆಯನ್ನು ಕುರಿತ ತನ್ನ ಗ್ರಂಥದಲ್ಲಿ, ಚಿತ್ರದೊಳಗಿನ ಚಿನ್ನವನ್ನು ಚಿನ್ನದಿಂದಲ್ಲ, ಬಣ್ಣದಿಂದಲೇ ತೋರಿಸಬೇಕೆಂದು ವಾದಿಸಿದನು. ಚಪ್ಪಟೆಯಾದ ಹಲಗೆಗೆ ಚಿನ್ನ ಹಚ್ಚಿದಾಗ ಬೆಳಗಬೇಕಾದ ಭಾಗಗಳು ಮಬ್ಬಾಗಿ, ಮಬ್ಬಾಗಬೇಕಾದವು ಬೆಳಗಿ ಕಾಣುತ್ತವೆ ಎಂಬುದು ಅವನ ಆಕ್ಷೇಪ. ನೆರಳು ಬೆಳಕುಗಳ ಮೂಲಕ ವಸ್ತುವಿನ ಘನತ್ವವನ್ನು ತೋರಿಸುವುದೇ ಗುರಿಯಾದಾಗ ಈ ಆಕ್ಷೇಪಕ್ಕೆ ಉತ್ತರವಿಲ್ಲ. ಚಿತ್ರದ ಚೌಕಟ್ಟಿಗೆ ಚಿನ್ನವಿರಲಿ ಎಂದು ಅವನು ಒಪ್ಪಿದ್ದೂ ಅರ್ಥಪೂರ್ಣವಾಗಿದೆ. ಚಿನ್ನವನ್ನು ಚಿತ್ರದಿಂದ ಹೊರಗೆ, ಅದರ ಅಂಚಿಗೆ ಕಳುಹಿಸಿದ ಕ್ಷಣವದು.

ಅದೇ ಕಾಲದಲ್ಲಿ ಫ್ಲಾಂಡರ್ಸ್ ಪ್ರಾಂತದಲ್ಲಿ ಯಾನ್ ವಾನ್ ಐಕ್, ಆಲ್ಬೆರ್ಟಿ ಬಯಸಿದ್ದನ್ನು ತೈಲದಲ್ಲಿ ಸಾಧಿಸಿ ತೋರಿಸಿದ್ದನು. 1434ರ ಆರ್ನೊಲ್ಫಿನಿ ದಂಪತಿಗಳ ಚಿತ್ರದಲ್ಲಿ ಮೇಲಿನಿಂದ ತೂಗುವ ಹಿತ್ತಾಳೆಯ ದೀಪಗುಚ್ಛವು ಲೋಹದಂತೆಯೇ ಮಿನುಗುತ್ತದೆ. ಅಲ್ಲಿರುವುದು ಹಳದಿ ಮತ್ತು ಕಂದು ವರ್ಣಗಳ ಸೂಕ್ಷ್ಮ ಹೊಂದಾಣಿಕೆ. ಆ ಮಿನುಗು ನೋಡುವವನೊಡನೆ ಚಲಿಸುವುದಿಲ್ಲ, ಸಂಜೆಯಾದರೆ ಕಪ್ಪಾಗುವುದಿಲ್ಲ. ಬೆಳಕನ್ನು ಹಿಡಿದಿಡುವುದು ಎಂಬ ಮಾತು ಸರಿಯಾಗಿ ಸಲ್ಲಬೇಕಾದುದು ಇಲ್ಲಿಯೇ ಎನ್ನಬೇಕು. ಚಿನ್ನದ ರೇಕು ಬೆಳಕನ್ನು ಹಿಡಿಯುವುದಿಲ್ಲ, ಅತಿಥಿಯಂತೆ ಬರಮಾಡಿಕೊಂಡು ಬೀಳ್ಕೊಡುತ್ತದೆ.

ಹಾಗೆಂದು ತೈಲಚಿತ್ರಕಾರರೆಲ್ಲರೂ ಚಿನ್ನವನ್ನು ಮರೆತರೆಂದಲ್ಲ. ಇಪ್ಪತ್ತರ ಹರೆಯವನ್ನು ದಾಟಿದ್ದ ರೆಂಬ್ರಾಂಟ್ 1630ರ ಸುಮಾರಿಗೆ ತಾಮ್ರದ ತಗಡಿಗೆ ಚಿನ್ನದ ರೇಕು ಹಚ್ಚಿ, ಅದರ ಮೇಲೆ ತೈಲವರ್ಣದಲ್ಲಿ ಮೂರು ಪುಟ್ಟ ಚಿತ್ರಗಳನ್ನು ರಚಿಸಿದನು. ಹೇಗ್ ನಗರದ ಮೌರಿಟ್ಸ್‌ಹೌಸ್ ಸಂಗ್ರಹಾಲಯದಲ್ಲಿರುವ ನಗುವ ಪುರುಷನ ಚಿತ್ರ ಅವುಗಳಲ್ಲೊಂದು. ಎತ್ತರ ಕೇವಲ 15 ಸೆಂ.ಮೀ. ಇಲ್ಲಿ ಚಿನ್ನ ಕಣ್ಣಿಗೆ ಬೀಳುವ ಅಲಂಕಾರವಲ್ಲ. ಬಣ್ಣದ ಅಡಿಯಲ್ಲಿ ಅಡಗಿರುವ ತಳಪಾಯ. ಮುಂದೆ ಅವನು ಬೇರೆ ದಾರಿ ಹಿಡಿದನು. ಆಮ್‌ಸ್ಟರ್‌ಡ್ಯಾಮಿನಲ್ಲಿರುವ, ಯಹೂದಿ ವಧು ಎಂದು ಹೆಸರಾದ ಕೊನೆಗಾಲದ ಚಿತ್ರದಲ್ಲಿ ಪುರುಷನ ತೋಳಿನ ಹೊಂಬಣ್ಣದ ವಸ್ತ್ರವನ್ನು ಗಾರೆಯಂತೆ ಮೆತ್ತಿದ ದಪ್ಪ ಬಣ್ಣದಿಂದ ರಚಿಸಿದ್ದಾನೆ. ಉಬ್ಬಿದ ಆ ಬಣ್ಣದ ಏಣುಗಳು ಕೋಣೆಯ ಬೆಳಕನ್ನೇ ತಡೆದು ಮಿನುಗುತ್ತವೆ. ಚಿನ್ನವಿಲ್ಲದೆ ಚಿನ್ನದ ವರ್ತನೆಯನ್ನು ಬಣ್ಣಕ್ಕೆ ಕಲಿಸಿದ ಉದಾಹರಣೆ ಇದು.

ಎರಡು ಬೆಳಕುಗಳನ್ನೂ ಮುಚ್ಚುಮರೆಯಿಲ್ಲದೆ ಒಂದೇ ಕ್ಯಾನ್ವಾಸಿನ ಮೇಲೆ ಎದುರುಬದುರು ನಿಲ್ಲಿಸಿದವನು ವಿಯೆನ್ನಾದ ಗುಸ್ತಾವ್ ಕ್ಲಿಮ್ಟ್ (1862–1918). ಅವನ ತಂದೆ ಚಿನ್ನದ ಕೆತ್ತನೆಗಾರ. ಅವನು ಕಲಿತದ್ದೂ ಅನ್ವಯಿಕ ಕಲೆಗಳ ಶಾಲೆಯಲ್ಲಿ. 1903ರಲ್ಲಿ ಎರಡು ಬಾರಿ ರವೆನ್ನಾಕ್ಕೆ ಹೋಗಿ, ಆರನೆಯ ಶತಮಾನದ ಮೊಸಾಯಿಕ್ ಚಿತ್ರಗಳನ್ನು ಕಂಡು ಬಂದನು. ಗಾಜಿನೊಳಗೆ ಚಿನ್ನದ ರೇಕನ್ನಿಟ್ಟು ಮಾಡಿದ ಆ ಬಿಲ್ಲೆಗಳು ಒಂದಿಷ್ಟು ಓರೆಕೋರೆಯಾಗಿಯೇ ಕುಳಿತಿರುವುದರಿಂದ ಗೋಡೆಯಿಡೀ ಮಿಣುಕುತ್ತದೆ.

ಕ್ಯಾನ್ವಾಸಿನಲ್ಲಿ ಇದನ್ನು ಸಾಧಿಸುವುದು ಸುಲಭವಲ್ಲ. ಬಟ್ಟೆ ಬಾಗುತ್ತದೆ, ಗಟ್ಟಿಯಾದ ಜೆಸ್ಸೊ ಲೇಪ ಬಿರಿಯುತ್ತದೆ. ಎಣ್ಣೆಯ ಅಂಟನ್ನು ಸವರಿ, ಅದು ಇನ್ನೂ ಜಿಗುಟಾಗಿರುವಾಗ ರೇಕನ್ನು ಕೂಡಿಸುವ ಕ್ರಮವು ಬಟ್ಟೆಗೆ ಒಗ್ಗುತ್ತದೆ, ಆದರೆ ಆ ಚಿನ್ನವನ್ನು ಉಜ್ಜಿ ಹೊಳಪೇರಿಸಲಾಗದು. ಸುಮಾರು 140 ಸೆಂ.ಮೀ. ಚದರದ, 1907ರ ಅಡೆಲೆ ಬ್ಲಾಖ್-ಬೌವರ್ ಭಾವಚಿತ್ರದಲ್ಲಿ ಕ್ಲಿಮ್ಟ್ ಚಿನ್ನ, ಬೆಳ್ಳಿ, ಉಬ್ಬುವಿನ್ಯಾಸ ಎಲ್ಲವನ್ನೂ ತಂದಿದ್ದಾನೆ. ಆಕೆಯ ಮುಖ, ಭುಜ, ಕೈಗಳು ಮಾತ್ರ ತೈಲವರ್ಣದ ಮೃದುವಾದ ನೆರಳು ಬೆಳಕಿನಲ್ಲಿವೆ. ಸುತ್ತಲಿನ ಚಿನ್ನ ಗಳಿಗೆಗೊಂದು ಬಗೆಯಾಗಿ ಬದಲಾಗುವಾಗ ಮುಖವೊಂದೇ ಸ್ಥಿರವಾಗಿ ಉಳಿಯುತ್ತದೆ. ಆಲ್ಬೆರ್ಟಿ ದೋಷವೆಂದು ಕಂಡ ಚಂಚಲತೆಯೇ ಇಲ್ಲಿ ಮುಖದ ಮೇಲೆ ದೃಷ್ಟಿ ನೆಲೆಸಲು ಕಾರಣವಾಗಿದೆ.

ಈ ಚಿತ್ರದ ಮುಂದಿನ ಕಥೆ ಕಹಿಯಾದುದು. ಅಡೆಲೆ 1925ರಲ್ಲಿ ತೀರಿಕೊಂಡರು. ಯಹೂದಿಯಾಗಿದ್ದ ಆಕೆಯ ಪತಿ 1938ರಲ್ಲಿ ದೇಶ ತೊರೆಯಬೇಕಾಯಿತು. ನಾಜಿ ಆಡಳಿತ ಅವರ ಸಂಗ್ರಹವನ್ನು ವಶಪಡಿಸಿಕೊಂಡಿತು. ಹೆಸರನ್ನು ಮರೆಸಿದಾಗ ಉಳಿಯುವುದು ಚಿನ್ನದ ಹಿನ್ನೆಲೆಯ ಮಹಿಳೆ ಮಾತ್ರ, ಮತ್ತು 1943ರ ವಿಯೆನ್ನಾ ಪ್ರದರ್ಶನದಲ್ಲಿ ಆದದ್ದೂ ಅದೇ. ಚಿತ್ರವು ಅಡೆಲೆಯ ಸೋದರ ಸಂಬಂಧದ ವಾರಸುದಾರರಿಗೆ ಮರಳಿದ್ದು 2006ರಲ್ಲಿ; ಅದೇ ವರ್ಷ ಅದು ನ್ಯೂಯಾರ್ಕಿನ ನೊಯೆ ಗ್ಯಾಲರಿಯನ್ನು ಸೇರಿತು.

ಇನ್ನು ಮೈಸೂರಿನ ಪ್ರಕರಣ. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಶ್ರಯದಲ್ಲಿ ಬೆಳೆದ ಚಿತ್ರಪರಂಪರೆಯು ತೈಲದ್ದಲ್ಲ. ಅಂಟಿನಲ್ಲಿ ಕಲಸಿದ ನೀರ್ಬಣ್ಣದ್ದು. ಸಫೇದ, ಅಂಟು ಹಾಗೂ ರೇವಣ ಚಿನ್ನಿ ಹಾಲನ್ನು ಅರೆದು ಹದಮಾಡಿದ ಲೇಪದಿಂದ ಆಭರಣ, ಕಿರೀಟ, ಮಂಟಪಗಳ ಗೆರೆಗಳನ್ನು ತುಸುವೇ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕನ್ನು ಕೂಡಿಸಲಾಗುತ್ತಿತ್ತು. ತಂಜಾವೂರಿನ ಚಿತ್ರಗಳಿಗೆ ಹೋಲಿಸಿದರೆ ಈ ಉಬ್ಬು ಬಹಳ ತಗ್ಗು. ಗೆರೆ ಸಣ್ಣದಾದಷ್ಟೂ ಬೆಳಕು ಸಣ್ಣ ಎಳೆಗಳಾಗಿ ಒಡೆಯುತ್ತದೆ. ಪೂಜೆಯ ಮನೆಯ ಎಣ್ಣೆದೀಪದೆದುರು ದೇವತೆಯ ಮುಖ ನಿಶ್ಚಲವಾಗಿ, ಆಭರಣ ಮಾತ್ರ ಉಸಿರಾಡುವಂತೆ ಕಾಣುವುದು ಆ ಗೆರೆಯ ಫಲ. ಕ್ಲಿಮ್ಟನಿಗೂ ಈ ಪರಂಪರೆಗೂ ಯಾವುದೇ ಸಂಪರ್ಕವನ್ನು ಕಲ್ಪಿಸಬೇಕಾಗಿಲ್ಲ. ಆದರೆ ಮುಖಕ್ಕೆ ಬಣ್ಣ, ಸುತ್ತಲಿಗೆ ಚಿನ್ನ ಎಂಬ ಹಂಚಿಕೆ ಎರಡರಲ್ಲಿಯೂ ಒಂದೇ ತರ್ಕವನ್ನು ಅನುಸರಿಸಿದೆ. ಒಂದನ್ನು ಆಧುನಿಕ ಕಲೆಯೆಂದೂ ಇನ್ನೊಂದನ್ನು ಕುಸುರಿ ಕೆಲಸವೆಂದೂ ವಿಂಗಡಿಸುವವರು 1435ರ ಅಳತೆಗೋಲನ್ನು, ಅದರ ಹುಟ್ಟನ್ನು ಮರೆತು, ಬಳಸುತ್ತಿದ್ದಾರೆ.

ರಾಜಾ ರವಿವರ್ಮರು (1848–1906) ತಮ್ಮ ಕೊನೆಯ ವರ್ಷಗಳಲ್ಲಿ ಮೈಸೂರು ಅರಮನೆಗಾಗಿ ರಚಿಸಿದ ಪೌರಾಣಿಕ ತೈಲಚಿತ್ರಗಳು ಜಗನ್ಮೋಹನ ಅರಮನೆಯ ಸಂಗ್ರಹಕ್ಕೆ ಸೇರಿವೆ. ತಂಜಾವೂರು ಶೈಲಿಯನ್ನು ಬಲ್ಲ ಸೋದರಮಾವನ ಬಳಿ ಅವರು ಮೊದಲ ಪಾಠಗಳನ್ನು ಕಲಿತಿದ್ದರೂ, ಜರತಾರಿ ಸೆರಗನ್ನು, ಒಡವೆಯ ಹೊಳಪನ್ನು ಶುದ್ಧ ತೈಲವರ್ಣದಿಂದಲೇ ಮೂಡಿಸಿದರು. ಚಿನ್ನದ ಚಿತ್ರಗಳೂ ತೈಲಚಿತ್ರಗಳೂ ಒಂದೇ ಸೂರಿನಡಿಯಲ್ಲಿರುವ ಆ ಅರಮನೆಯಲ್ಲಿ ಅಲುಗದ ವಿದ್ಯುದ್ದೀಪದಿಂದ ನಷ್ಟವಾಗುವುದು ಚಿನ್ನದ ಚಿತ್ರಗಳಿಗೆ ಮಾತ್ರ. ಅಚ್ಚಾದ ಪುಸ್ತಕಗಳಲ್ಲಂತೂ ಅವುಗಳ ರೇಕು ಮಂಕಾದ ಹಳದಿಯಾಗಿಬಿಡುತ್ತದೆ.

ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮುದ್ರಣಾಲಯದಿಂದ ಅವರ ಲಕ್ಷ್ಮಿ, ಸರಸ್ವತಿಯರು ಮನೆಮನೆಗಳ ಗೋಡೆಗೆ ಬಂದರು. ಆ ಮುದ್ರಿತ ಚಿತ್ರಗಳನ್ನು ಕೊಂಡವರಲ್ಲಿ ಎಷ್ಟೋ ಮಂದಿ, ಬಣ್ಣದಲ್ಲಿ ಅಚ್ಚಾಗಿದ್ದ ಸೀರೆಯ ಅಂಚಿನ ಮೇಲೆ, ಕಿರೀಟದ ಮೇಲೆ ನಿಜವಾದ ಜರಿ ಮತ್ತು ಚಮಕಿಗಳನ್ನು ಹೊಲಿದು ಅಂಟಿಸಿಕೊಂಡರು. ಅಂತಹ ಚಿತ್ರಗಳು ಇಂದಿಗೂ ಸಂಗ್ರಾಹಕರ ಬಳಿ ದೊರೆಯುತ್ತವೆ.