ಎತ್ತಿನಗಾಡಿಯ ಆಪಲ್ ಮತ್ತು ಮೇಲಿನ ಆ ಒಂದು ತಳ್ಳು

ಎತ್ತಿನಗಾಡಿ ಮೇಲೆ ಉಪಗ್ರಹ ಕೂತಿರೋ ಆ ಫೋಟೋ ನಿಮ್ಮ ವಾಟ್ಸಾಪ್‌ಗೂ ಬಂದಿರುತ್ತೆ, ‘ಆಗ ನಮಗೆ ಲಾರಿಗೂ ಗತಿ ಇರಲಿಲ್ಲ’ ಅನ್ನೋ ಒಕ್ಕಣೆ ಜೊತೆ. ಅದನ್ನ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತೆ. ಆಂಟೆನಾ ಪರೀಕ್ಷೆ ಮಾಡುವಾಗ ಕೆಳಗೆ ಅಷ್ಟೊಂದು ಲೋಹ ಇದ್ದರೆ ಅಳತೆ ಕೆಡುತ್ತೆ. ಮರದ ಗಾಡಿ ಬೇಕಿತ್ತು, ತಂದರು. ಅಷ್ಟೇ.

ಆ ಉಪಗ್ರಹವೇ ಆಪಲ್. ನಮ್ಮ ದೇಶದ ಮೊದಲ ಪ್ರಾಯೋಗಿಕ ಭೂಸ್ಥಿರ ಸಂಪರ್ಕ ಉಪಗ್ರಹ. ತೂಕ 670 ಕೆಜಿ. ಬೆಂಗಳೂರಲ್ಲಿ, ಫ್ಯಾಕ್ಟರಿ ಶೆಡ್‌ಗಳಲ್ಲಿ, ಎರಡೇ ವರ್ಷದಲ್ಲಿ ಕಟ್ಟಿದ್ದು. ಯೋಜನೆ ನಡೆಸಿದವರು ಆರ್.ಎಂ. ವಾಸಗಂ.

ಅಷ್ಟು ಭಾರ ಹೊರುವ ರಾಕೆಟ್ ನಮ್ಮಲ್ಲಿ ಇರಲಿಲ್ಲ. ನಮ್ಮ ಎಸ್‌ಎಲ್‌ವಿ-3 ಹೊರುತ್ತಿದ್ದದ್ದು ನಲವತ್ತು ಕೆಜಿ ಆಸುಪಾಸು, ಅದೂ ಕೆಳಗಿನ ಕಕ್ಷೆಗೆ. ಯುರೋಪಿನವರು ತಮ್ಮ ಹೊಸ ಏರಿಯಾನ್ ರಾಕೆಟ್‌ನ ಪರೀಕ್ಷಾ ಹಾರಾಟದಲ್ಲಿ ಪುಕ್ಕಟೆ ಜಾಗ ಕೊಟ್ಟರು. ಪುಕ್ಕಟೆ ಯಾಕೆ ಅಂದ್ರೆ, ರಾಕೆಟ್ ಹಾರುತ್ತೆ ಅನ್ನೋ ಗ್ಯಾರಂಟಿ ಇರಲಿಲ್ಲ. 1980ರ ಮೇ ತಿಂಗಳಲ್ಲಿ ಎರಡನೇ ಏರಿಯಾನ್ ವಿಫಲವಾಗಿ ಸಮುದ್ರ ಸೇರಿತು. ಆಪಲ್ ಹತ್ತಬೇಕಿದ್ದದ್ದು ಮೂರನೆಯದಕ್ಕೆ!

1981ರ ಜೂನ್ 19. ಫ್ರೆಂಚ್ ಗಯಾನಾದ ಕೌರು. ಈ ಸಲ ರಾಕೆಟ್ ಸರಿಯಾಗಿ ಹಾರಿತು. ಆದ್ರೆ ನನ್ನ ಪ್ರಕಾರ ನಿಜವಾದ ಎದೆಬಡಿತ ಶುರುವಾಗಿದ್ದು ಆಮೇಲೆ. ಯಾಕೆ ಅಂತ ತಿಳಿಬೇಕಾದ್ರೆ ಪಿಯುಸಿ ಫಿಸಿಕ್ಸ್ ಸ್ವಲ್ಪ ತೆಗೀಬೇಕು. ಹೆದರಬೇಡಿ.

ಉಪಗ್ರಹ ಗುರುತ್ವದಿಂದ ತಪ್ಪಿಸಿಕೊಂಡು ತೇಲ್ತಿರುತ್ತೆ ಅಂತ ಎಷ್ಟೋ ಜನ ಅಂದ್ಕೊಂಡಿದ್ದಾರೆ. ಇಲ್ಲ, ಅದು ಬೀಳ್ತಾನೇ ಇರುತ್ತೆ. ಭೂಸ್ಥಿರ ಕಕ್ಷೆ ನೆಲದಿಂದ ಸುಮಾರು 36,000 ಕಿಲೋಮೀಟರ್ ಮೇಲಿದೆ, ಭೂಮಿಯ ಕೇಂದ್ರದಿಂದ ಲೆಕ್ಕ ಹಾಕಿದ್ರೆ 42,164. ಅಲ್ಲಿ ಗುರುತ್ವ ಇಲ್ಲಿಯದರ ನಲವತ್ತನಾಲ್ಕನೇ ಒಂದು ಪಾಲು. ಒಂದು ಸೆಕೆಂಡಲ್ಲಿ ಉಪಗ್ರಹ ಭೂಮಿ ಕಡೆ ಬೀಳೋದು 11 ಸೆಂಟಿಮೀಟರ್, ಒಂದು ಗೇಣಿಗಿಂತಲೂ ಕಮ್ಮಿ. ಅದೇ ಸೆಕೆಂಡಲ್ಲಿ ಪಕ್ಕಕ್ಕೆ 3 ಕಿಲೋಮೀಟರ್ ಓಡಿರುತ್ತೆ. ಅಷ್ಟು ದೂರಕ್ಕೆ ಆ ದೊಡ್ಡ ವೃತ್ತ ಬಾಗೋದೂ ಸರಿಯಾಗಿ 11 ಸೆಂಟಿಮೀಟರೇ. ಹೀಗಾಗಿ ಬಿದ್ದರೂ ಎತ್ತರ ಕಮ್ಮಿ ಆಗಲ್ಲ. ಪುಸ್ತಕದಲ್ಲಿ ಕೇಂದ್ರಾಭಿಮುಖ ಬಲ ಅಂತ ಬರುತ್ತಲ್ಲ, ಅದು ಬೇರೆ ಯಾವುದೋ ಬಲ ಅಲ್ಲ. ಇಲ್ಲಿ ಗುರುತ್ವವೇ ಆ ಕೆಲಸ ಮಾಡ್ತಿದೆ. ಲೆಕ್ಕದಲ್ಲಿ ಉಪಗ್ರಹದ ತೂಕ ಎರಡೂ ಕಡೆ ಹೊಡೆದುಹೋಗುತ್ತೆ. 670 ಕೆಜಿ ಇದ್ರೂ ಅದೇ ವೇಗ, ಆರು ಟನ್ ಇದ್ರೂ ಅದೇ ವೇಗ.

ಏರಿಯಾನ್ ಆಪಲನ್ನ ಈ ವೃತ್ತಕ್ಕೆ ಬಿಡಲಿಲ್ಲ. ಬಿಟ್ಟದ್ದು ಉದ್ದನೆಯ ಮೊಟ್ಟೆಯಾಕಾರದ ದಾರಿಗೆ: ಒಂದು ತುದಿ ನೆಲದಿಂದ ಕೆಲವೇ ನೂರು ಕಿಲೋಮೀಟರ್, ಇನ್ನೊಂದು ತುದಿ 36,000. ಮೇಲಕ್ಕೆ ಎಸೆದ ಕಲ್ಲು ಏರ್ತಾ ಏರ್ತಾ ವೇಗ ಕಳ್ಕೊಳ್ಳುತ್ತಲ್ಲ, ಹಾಗೇ ಇದೂ. ಕೆಳಗಡೆ ಸೆಕೆಂಡಿಗೆ 10 ಕಿಲೋಮೀಟರ್ ಓಡಿದ್ದು ತುದಿ ಮುಟ್ಟೋ ಹೊತ್ತಿಗೆ 1.6ಕ್ಕೆ ಇಳಿದಿರುತ್ತೆ. ಅಲ್ಲಿ ವೃತ್ತದಲ್ಲಿ ಉಳಿಯೋಕೆ ಬೇಕಾಗಿರೋದು 3. ಸಾಲದು, ಹಾಗಾಗಿ ವಾಪಸ್ ಕೆಳಗೆ ಜಾರುತ್ತೆ. ಯಾರೂ ತಳ್ಳದಿದ್ದರೆ ಇದೇ ಜೋಕಾಲಿ.

ಇಲ್ಲೇ ವಿದ್ಯಾರ್ಥಿಗಳು ಎಡವೋದು. ಮೇಲಿನ ಕಕ್ಷೆಯಲ್ಲಿ ವೇಗ ಕಮ್ಮಿ ಅಂತೀರಿ, ಮತ್ತೆ ಅಲ್ಲಿ ಹೋಗಿ ವೇಗ ಯಾಕೆ ಹೆಚ್ಚಿಸಬೇಕು? ಎರಡೂ ನಿಜ. ಹತ್ತುವಾಗ ಕಳ್ಕೊಂಡದ್ದು ಜಾಸ್ತಿ, ಉಳಿದಿರೋ ವೇಗಕ್ಕಿಂತ ಕಕ್ಷೆ ಕೇಳೋದು ಹೆಚ್ಚು. ವ್ಯತ್ಯಾಸ ತುಂಬೋಕೆ ಸರಿಯಾದ ತುದಿಯಲ್ಲಿ, ಸರಿಯಾದ ದಿಕ್ಕಿಗೆ ಮುಖ ಮಾಡಿಸಿ, ಒಂದು ತಳ್ಳು ಕೊಡಬೇಕು.

ಆ ತಳ್ಳು ಕೊಡೋ ಮೋಟಾರ್ ನಮ್ಮದೇ, ಎಸ್‌ಎಲ್‌ವಿ-3ರ ನಾಲ್ಕನೇ ಹಂತದಿಂದ ಬಂದದ್ದು. ಆ ರಾಕೆಟ್ಟಿನ ಚರಿತ್ರೆಯೋ, 1979ರ ಆಗಸ್ಟಲ್ಲಿ ಬಂಗಾಳ ಕೊಲ್ಲಿಗೆ ಬಿದ್ದದ್ದು, 1980ರ ಜುಲೈನಲ್ಲಿ ಗೆದ್ದದ್ದು. ಘನ ಇಂಧನ ಬೇರೆ. ಒಮ್ಮೆ ಹೊತ್ತಿಕೊಂಡ್ರೆ ಆರಿಸೋಕಾಗಲ್ಲ, ದಿಕ್ಕು ತಪ್ಪಿದ್ರೆ ಎರಡನೇ ಚಾನ್ಸ್ ಇಲ್ಲ.

ಹೊತ್ತಿತು. ಆಪಲ್ ವೃತ್ತ ಹಿಡೀತು, 102 ಡಿಗ್ರಿ ಪೂರ್ವಕ್ಕೆ ಬಂದು ನಿಂತಿತು. ನಿಂತಿತು ಅಂದ್ರೆ ನಮ್ಮ ಕಣ್ಣಿಗೆ. ಭೂಮಿ ತಿರುಗೋ ಲೆಕ್ಕಕ್ಕೇ ಅದೂ ಸುತ್ತುತ್ತಿತ್ತು.

ಎಲ್ಲ ಸುಸೂತ್ರ ಆಗಲಿಲ್ಲ. ಎರಡು ಸೌರ ಫಲಕಗಳಲ್ಲಿ ಒಂದು ತೆರೆದುಕೊಳ್ಳಲೇ ಇಲ್ಲ. ಒಂದೇ ರೆಕ್ಕೆಯಲ್ಲಿ ಎರಡು ವರ್ಷಕ್ಕೂ ಮೇಲೆ ಟಿವಿ, ರೇಡಿಯೋ ಪ್ರಯೋಗಗಳಿಗೆ ದುಡಿಯಿತು. 1983ರ ಸೆಪ್ಟೆಂಬರ್ 19ಕ್ಕೆ ಕೆಲಸ ನಿಲ್ಲಿಸಿದರು. ಹಾಗಂತ ಅದು ಕೆಳಗೆ ಬೀಳಲಿಲ್ಲ. ಅದನ್ನ ಸುತ್ತಿಸುತ್ತಿದ್ದದ್ದು ಕರೆಂಟ್ ಅಲ್ಲವಲ್ಲ. ಅಷ್ಟು ಎತ್ತರದಲ್ಲಿ ತಡೆಯೋ ಗಾಳಿಯೂ ಇಲ್ಲ.